ದೊಡ್ಡ ರೇಸೂ ಪಾತ್ರೆ ತಿಕ್ಕುವ ಸರದಿಯೂ

ಅಳಿಯಂದಿರೆ,

ದೊಡ್ಡ ರೇಸ್ ಮುಗಿಯಿತು, ರೇಡಿಯೋದಲ್ಲಿ ಕೇಳಿದೆ. ನೀವು ಕೆಲಸದಿಂದ ಬರುವಷ್ಟರಲ್ಲಿ ನಾನು ಅಕ್ಕನ ಮನೆಗೆ ಹೊರಟಿರುತ್ತೇನೆ. ಒಂದು ತಿಂಗಳು ಅಲ್ಲೇ.

ಯಾರ ಕುದುರೆ ಹಿಂದೆ ಬೀಳುತ್ತದೋ ಅವರು ಮುಂದಿನ ವರ್ಷದ ರೇಸಿನವರೆಗೆ ಪಾತ್ರೆ ತಿಕ್ಕಬೇಕು ಅಂತ ಬಾಜಿ ಕಟ್ಟಿದವರು ನೀವೇ. ಪೇಪರ್ ಓದಿ, ಎಲ್ಲರೂ ಗೆಲ್ಲುತ್ತದೆ ಅನ್ನುವ ಕುದುರೆಯನ್ನೇ ಹಿಡಿಯುತ್ತೀರಿ. ನಾನು ಯಾರೂ ಮೂಸಿ ನೋಡದ್ದನ್ನು ಹಿಡಿಯುತ್ತೇನೆ, ಪಾಪ ಅನ್ನಿಸುತ್ತದೆ. ಹಾಗಾಗಿ ಆರು ವರ್ಷ ತಿಕ್ಕಿದೆ. "ಮಾವ, ಲೋಟದಲ್ಲಿ ಸೋಪು ಉಳಿದಿದೆ" ಅಂತ ನೀವು ಅಂದದ್ದೂ ನೆನಪಿದೆ. ಅದು ಮೂರನೇ ವರ್ಷ.

ಈ ಸಲವೂ ನನ್ನದು ಗೆಲ್ಲಲಿಲ್ಲ, ಹನ್ನೊಂದನೆಯದಾಗಿ ಬಂತು. ನಿಮ್ಮದು ಗೇಟು ತೆಗೆದರೂ ಹೊರಗೇ ಬರಲಿಲ್ಲವಂತೆ, ನಿಂತಲ್ಲೇ ನಿಂತಿತ್ತಂತೆ. ನಂಬಿಕೆ ಬಾರದಿದ್ದರೆ ನನ್ನ ಮಗಳನ್ನೇ ಕೇಳಿ. ಜೊತೆಗೇ ಕೂತು ಕೇಳಿದಳು, ಇನ್ನೂ ನಗುತ್ತಿದ್ದಾಳೆ.

ತಿಕ್ಕುವ ನಾರು ಕಿಟಕಿಯ ಹತ್ತಿರ ಇದೆ. ಲೋಟ ಮೊದಲು, ಎಣ್ಣೆ ಜಿಡ್ಡಿನದು ಕೊನೆಗೆ. ಬಟ್ಟೆ ಸೋಪು ಮುಟ್ಟಬೇಡಿ.

ಹಾಲಿನ ಪಾತ್ರೆ ತಳ ಹಿಡಿದಿದೆ. ಬಿಸಿನೀರು ಹಾಕಿ ನೆನೆಸಿಟ್ಟಿದ್ದೇನೆ. ಆರು ವರ್ಷದಲ್ಲಿ ನನಗೆ ಯಾರೂ ಅಷ್ಟು ಮಾಡಿದ್ದಿಲ್ಲ.

ಮಾವ