ಟಾಲಿವರನ ವಿಷಯದಲ್ಲಿ ನಮ್ಮಿಷ್ಟ

ಕ್ಲಿಂಚ್ ನದಿಯ ದಂಡೆ, ಟೆನೆಸಿ
14 ಅಕ್ಟೋಬರ್ 1935

ನನ್ನ ಮುದ್ದಿನ ಮಗಳು ವರ್ಡೀ,

ನಿನ್ನ ಮೂರು ಕಾಗದಗಳು ಬಂದು ಗೂಡಿನಲ್ಲಿ ಕೂತಿವೆ. ಒಂದಕ್ಕೂ ಉತ್ತರ ಬರೆಯದ ಈ ಅಪ್ಪನನ್ನು ಬೈಯಬೇಕೆನಿಸಿದರೆ ಬೈಯಿ, ತಲೆ ಬಾಗಿಸಿ ಕೇಳುತ್ತೇನೆ. ನಾವಿಬ್ಬರೂ ಬದುಕಿದ್ದೇವೆ. ಕಪ್ಪು ಹಸುವನ್ನು ಮಾರಿದೆವು. ಕೆಳಗಿನ ಬಯಲಿನಲ್ಲಿ ಒಂದು ಮನೆಗೂ ಚಾವಣಿ ಉಳಿದಿಲ್ಲ. ಬರುವ ವಸಂತಕ್ಕೆ ಅಣೆಕಟ್ಟೆಯ ಬಾಗಿಲು ಮುಚ್ಚುತ್ತದೆ, ನಮ್ಮ ಕಣಿವೆಯೆಲ್ಲ ಕೆರೆಯಾಗುತ್ತದೆ. ಬದುಕಿರುವವರು ನಡೆದು ಹೋಗುತ್ತೇವೆ, ಸರಿ. ಮಣ್ಣಿನಡಿ ಮಲಗಿರುವವರು ಎಲ್ಲಿಗೆ ಹೋಗಬೇಕು?

ಅದನ್ನು ಕೇಳಲೆಂದೇ ಅಣೆಕಟ್ಟೆಯ ಕಚೇರಿಯಿಂದ ಎಲ್ವುಡ್ ಎಂಬಾತ ಬಂದಿದ್ದ. ಉತ್ತರದ ಕಡೆಯವನು, ಒಳ್ಳೆಯವನೇ. ಜಗಲಿಯಲ್ಲಿ ಕೂತು ಕಾಗದ ಬಿಡಿಸಿದ. ನಿನ್ನ ಅಣ್ಣ ಟಾಲಿವರನ ಗೋರಿಯನ್ನು ತೆಗೆದು ಬೆಟ್ಟದ ಮೇಲಿನ ಹೊಸ ಸ್ಮಶಾನಕ್ಕೆ ಸಾಗಿಸಬೇಕೋ, ನೀರಿನಡಿ ಹಾಗೇ ಬಿಡಬೇಕೋ?

"ಎರಡರಲ್ಲಿ ನಿಮ್ಗೆ ಯಾವ್ದು ಇಷ್ಟವೋ ಹೇಳಿ, ಬರ್ಕೋತೀನಿ," ಎಂದ.

"ನನ್ನ ಡ್ರದರ್ಸ್ ಕೇಳ್ತಿದ್ದೀರಾ?" ಎಂದಳು ನಿನ್ನ ಅಮ್ಮ. "ನೀವು ಆ ಕಟ್ಟೆ ಕಿತ್ಕೊಂಡು ನಿಮ್ಮೂರಿಗೆ ಹೋಗೋದು."

ಅವನ ಪೆನ್ನು ನಿಂತಿತು. "ಡ್ರದರ್ಸ್ ಅಂದ್ರೇನು?"

ಪಕ್ಕದ ಮನೆಯ ಮುದುಕ ಹಾಬ್ ತಂಬಾಕು ಉಗಿದು ಹೇಳಿದ: "ನಮ್ ಕೈಲಿದ್ದಿದ್ರೆ ಹೀಗ್ ಮಾಡ್ತಿದ್ವಿ ಅಂತೀವಲ್ಲ, ಆ ಇಷ್ಟ ಸಾರ್. ಅದು ನಡೆಯೋದಿಲ್ಲ ಅಂತ ಗೊತ್ತಿದ್ದಾಗ್ಲೇ ಆಡೋ ಮಾತು. ನನ್ ಡ್ರದರ್ಸ್ ನಡೆದಿದ್ರೆ ಈಗ ಬಾಯ್ತುಂಬ ಹಲ್ಲಿರ್ತಿತ್ತು, ಮನೇಲಿ ಹೆಂಡ್ತಿ ಇರ್ತಿರ್ಲಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅರವತ್ತೊಂದು ವರ್ಷ ನನ್ನ ಇಷ್ಟವನ್ನು ಯಾರು ಕೇಳಿದ್ದರು ಮಗಳೇ? ಗಣಿಗೆ ಇಳಿಸುವಾಗ ನನ್ನಪ್ಪ ಕೇಳಲಿಲ್ಲ. ಈ ಮನೆಗೆ ಬೆಲೆ ಕಟ್ಟುವಾಗ ಸರ್ಕಾರ ಕೇಳಲಿಲ್ಲ. ಈಗ ಕೇಳುತ್ತಾರೆ, ಅದೂ ಈ ಒಂದು ವಿಷಯದಲ್ಲಿ. 'ಹಾಗೇ ಬಿಡಿ' ಎಂದು ರುಜು ಹಾಕಿಬಿಟ್ಟೆ.

ನಿನ್ನ ಅಮ್ಮ ಮರುದಿನ ನಾಲ್ಕು ಮೈಲಿ ನಡೆದು ಕಚೇರಿಗೆ ಹೋದಳು. "ಹೆತ್ತವಳು ನಾನು, ನನ್ನ ಹೆಸರೂ ಬರ್ಕೊಳ್ಳಿ, ಅವನ್ನ ಬೆಟ್ಟಕ್ಕೆ ಸಾಗ್ಸಿ," ಎಂದಳಂತೆ. ನನ್ನ ಕಾಗದವನ್ನು ಹರಿದು ಹಾಕಿಸಿಯೇ ಹಿಂದಿರುಗಿದಳು.

"ಒಂದ್ಸಲ ಆ ನದಿ ಅವನ್ನ ತಗೊಂಡಿದೆ, ಲೇಫ್," ಎಂದಳು. "ಮತ್ತೆ ಅದರ ಕೈಗೇ ಕೊಟ್ಟು ಹೋಗ್ಬೇಕಾ? ನೀನು ಎಂಥಾ ಅಪ್ಪನಯ್ಯಾ?"

ಎಂಥಾ ಅಪ್ಪ. ಶಾಲೆಯ ಅಂಗಳದ ನಾಟಕಗಳಲ್ಲಿ ಕೊನೆಯ ಸಾಲಿನಾಚೆಗೂ ಕೇಳುವಂತೆ ಗುಡುಗುತ್ತಿದ್ದವನು ನಾನು. ಅವಳ ಮುಂದೆ ಪಿಸುಮಾತಿನಲ್ಲಿ ಬೇಡಿಕೊಂಡೆ. ಮಲಗಿದವನನ್ನು ಕದಲಿಸಬಾರದು ಎಂದೆ. ಮೂಳೆ ಸವೆದಿರುತ್ತೆ, ನೋಡಿ ತಡೆದುಕೊಳ್ಳಲಾರೆ ಎಂದೆ. ಪಾದ್ರಿಯಿಂದ ಹೇಳಿಸಿದೆ. ಕೊನೆಗೆ ಅವಳ ಕಾಲು ಹಿಡಿದೆ, ವರ್ಡೀ.

"ಆಗ ಎರಡು ವಾರ ನಂಗೆ ಜ್ವರ," ಎಂದಳು. "ನಾನು ಏಳೋ ಹೊತ್ತಿಗೆ ನೀನೂ ಹಾಬೂ ಮುಚ್ಚಳಕ್ಕೆ ಮೊಳೆ ಹೊಡೆದಿದ್ರಿ. ಮುಖ ನೋಡ್ಲಿಲ್ಲ. ಈಗ ಮೂಳೆನಾದ್ರೂ ನೋಡ್ತೀನಿ."

ಬರುವ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಗೆಯುತ್ತಾರೆ. ನೀನು ಶನಿವಾರದ ರೈಲಿಗೆ ಹೊರಟು ಬಾ. ಗಿರಣಿಯವರು ರಜೆ ಕೊಡದಿದ್ದರೆ ಅಪ್ಪ ಸಾಯುತ್ತಿದ್ದಾನೆ ಎನ್ನು, ಅದು ಪೂರ್ತಿ ಸುಳ್ಳಲ್ಲ.

ದೇವರು ನಿನ್ನನ್ನೂ ನಿನ್ನ ಗಂಡನನ್ನೂ ತಣ್ಣಗಿಟ್ಟಿರಲಿ. ನಿನ್ನ ತೊಟ್ಟಿಲಿಗೆ ಯಾವ ನೀರೂ ಬಾರದಿರಲಿ.

ನಿನ್ನ ಅಪ್ಪ,
ಲೇಫ್ ಟ್ಯಾಕೆಟ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಪೆಟ್ಟಿಗೆಯಲ್ಲಿ ನಿನ್ನ ಅಣ್ಣನಿಲ್ಲ. ನಾನೂ ಹಾಬೂ ಹನ್ನೊಂದು ದಿನ ನದಿ ಜಾಲಾಡಿದೆವು. ಒಂದು ಬೂಟು ಸಿಕ್ಕಿತು. ದೇಹ ಸಿಗಲಿಲ್ಲ ಎಂದಿದ್ದರೆ ನಿನ್ನ ಅಮ್ಮ ಜ್ವರದಲ್ಲೇ ಎದ್ದು ನೀರಿಗೆ ಇಳಿಯುತ್ತಿದ್ದಳು. ಒಂಬತ್ತು ವರ್ಷದ ಹುಡುಗನ ತೂಕಕ್ಕೆ ಹೊಳೆಗಲ್ಲು ಆರಿಸಿ, ಅವನ ಭಾನುವಾರದ ಅಂಗಿಯಲ್ಲಿ ಸುತ್ತಿಟ್ಟೆವು. ಹದಿನಾರು ವರ್ಷ ಅವಳು ಅದಕ್ಕೇ ಹೂವಿಟ್ಟಿದ್ದಾಳೆ. ಈಗಷ್ಟೇ ನನ್ನ ಹಿಂದೆ ಬಂದು, "ಮುಚ್ಚಳ ತೆಗೆಯೋವಾಗ ನನ್ನ ತೋಳು ಹಿಡ್ಕೊಂಡಿರು ಲೇಫ್, ಕಾಲು ನಡುಗ್ಬೋದು," ಎಂದಳು. ಹಿಡ್ಕೊಂಡಿರ್ತೀನಿ ಎಂದೆ.