ಅಂಗಳದ ಬೆಳಕಿನಲ್ಲಿ ಎರಡು ತಾಸು

ಮರಳಿ ಗ್ರಾಮ
೧೯ ಜನವರಿ ೨೦೨೫

ಅಕ್ಕರೆಯ ತಂಗಿ ಮಾಳವ್ವಾ,

ಹೇಗಿದ್ದೀ? ನಿನ್ನ ಮೊಣಕಾಲು ನೋವು ಕಡಿಮೆಯಾಯಿತೆ? ನಿನ್ನ ಯಜಮಾನ ಶಾಂತಕುಮಾರ, ಮಕ್ಕಳು ಎಲ್ಲರೂ ಆರಾಮ ಇರುವರೆಂದು ತಿಳಿದಿದ್ದೇನೆ. ಫೋನು ಬಿಟ್ಟು ಪತ್ರ ಬರೆದೆನೆಂದು ನಗಬೇಡ. ಇಷ್ಟುದ್ದದ ಕಥೆಯನ್ನು ಫೋನಿನಲ್ಲಿ ಹೇಳಲು ನನ್ನ ಮನೆಯಾಕೆ, ನಿನ್ನ ವೈನಿ ಅಮರಮ್ಮ ಬಿಡುವುದಿಲ್ಲ, ನಡುನಡುವೆ ತಾನೇ ಹೇಳತೊಡಗುತ್ತಾಳೆ. ನಮ್ಮಿಬ್ಬರ ಕಣ್ಣಿಗೂ ಅನುಕೂಲವಾಗಲೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ.

ನನ್ನ ಹಣೆ ಮತ್ತು ಮುಂಗೈ ಮೇಲೆ ಒರಟು ಹಕ್ಕಳೆ ಎದ್ದಿದ್ದು ನಿನಗೆ ಗೊತ್ತು. ನಮ್ಮ ಗಿರಣಿಗೆ ಜೋಳ ತಂದವರು ಅದನ್ನು ಹಿಟ್ಟು ಮೆತ್ತಿದೆ ಎಂದೇ ತಿಳಿಯುತ್ತಿದ್ದರು. ಕೆರೆದರೆ ರಕ್ತ ಬರುತ್ತಿತ್ತು. ಕೊನೆಗೆ ಅಮರಮ್ಮನೇ ನನ್ನನ್ನು ಕೊಪ್ಪಳಕ್ಕೆ, ಚರ್ಮದ ಡಾಕ್ಟರ್ ಮಹೇಶ್ವರಿ ಅವರ ಹತ್ತಿರ ಎಳೆದೊಯ್ದಳು. ಅವರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು, “ಕ್ಯಾನ್ಸರ್ ಅಲ್ರಿ. ಆದ್ರ ಹಂಗ ಬಿಟ್ರ ಮುಂದ ಆಗಬಹುದು,” ಎಂದರು. ನಮ್ಮ ಹಾಗೆ ಮೈಯಲ್ಲಿ ಬಣ್ಣವೇ ಇಲ್ಲದೆ ಹುಟ್ಟಿದವರಿಗೆ ಹರೆಯದಲ್ಲಿ ಗದ್ದೆಯಲ್ಲಿ ತಿಂದ ಬಿಸಿಲು ಹೀಗೆ ತಡವಾಗಿ ಎದ್ದು ಬರುತ್ತದಂತೆ.

ಇದಕ್ಕೆ ಮದ್ದೇನು ಗೊತ್ತೆ? ಹಗಲಿನ ಬೆಳಕು! ಮೊದಲು ಬಿಸಿಲು ಸುಡದಂತೆ ತಡೆಯುವ ಕ್ರೀಮು ಹಚ್ಚಿದರು. ಆಮೇಲೆ ಹಕ್ಕಳೆಯನ್ನು ಮೆಲ್ಲಗೆ ಕೆರೆದು ಔಷಧದ ಮುಲಾಮು ಸವರಿದರು. ಅದು ಕೆಟ್ಟ ಕಣಗಳೊಳಗೆ ಸೇರಿಕೊಳ್ಳುತ್ತದೆ, ಬೆಳಕು ತಾಗಿದಾಗ ಅವು ಸಾಯುತ್ತವೆ. “ಇನ್ನ ಎರಡು ತಾಸು ಅಂಗಳದಾಗ ಕೂಡ್ರಿ,” ಎಂದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಚಿಕ್ಕಂದಿನಲ್ಲಿ ಹೊತ್ತು ಇಳಿಯುವವರೆಗೆ ಅವ್ವ ನಮ್ಮಿಬ್ಬರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲವಲ್ಲ, ಮಾಳವ್ವಾ!

ಹೇಗೋ ಹೋಗಿ ಕುರ್ಚಿಯಲ್ಲಿ ಕೂತೆ. ಅಮರಮ್ಮ ರೂಢಿಯಂತೆ ಫಟ್ಟನೆ ಛತ್ರಿ ಬಿಚ್ಚಿ ಹಿಡಿದಳು. ಡಾಕ್ಟರು ಕಿಟಕಿಯಿಂದಲೇ, “ಛತ್ರಿ ಮಡಚ್ರಿ ಅಮರಮ್ಮಾರ, ಇವತ್ತ ಬೆಳಕ ಔಷಧ!” ಎಂದು ಕೂಗಿದರು. ಅವಳು ಮಡಚಿ ಚಹಾ ತರಲು ಹೋದಾಗ, ಗೇಟಿನ ಹತ್ತಿರ ಬಾಳೆಹಣ್ಣು ಮಾರುವ ಮೈಮುನಬಿ ಓಡಿ ಬಂದು, “ಯಾಕಪಾ, ಸುಟ್ಟು ಹೋಗ್ತಿ, ಏಳ!” ಎಂದು ಕುರ್ಚಿ ಸಮೇತ ನನ್ನನ್ನು ಗೋಡೆಯ ಮರೆಗೆ ಎಳೆಯತೊಡಗಿದಳು. ವಿಷಯ ತಿಳಿದ ಮೇಲೆ ಅವಳೇ ನನ್ನ ಕಾವಲುಗಾರ್ತಿಯಾದಳು. ನೋಡುತ್ತ ನಿಂತವರಿಗೆಲ್ಲ, “ಸರೀರಿ, ಬೆಳಕಿಗಿ ಅಡ್ಡ ನಿಲ್ಲಬ್ಯಾಡ್ರಿ!” ಎಂದು ಗದರುತ್ತಿದ್ದಳು.

ಸ್ವಲ್ಪ ಚುರುಗುಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣು ಮುಚ್ಚಿ ಕೂತಾಗ ಚಳಿಗಾಲದ ಬೆಚ್ಚಗಿನ ಬೆಳಕು ಮುಖದ ಮೇಲೆಲ್ಲ ಹರಡಿತು. ನನಗೆ ಅಳು ಬಂತು. ಮುಲಾಮು ಹೋದೀತೆಂದು ಒರೆಸಿಕೊಳ್ಳಲೂ ಆಗಲಿಲ್ಲ. ಆಮೇಲೆ ತೊಳೆದುಕೊಂಡು, ಎರಡು ದಿನ ಮನೆಯೊಳಗೇ ಇದ್ದೆ. ಚರ್ಮ ಕೆಂಪಾಗಿ ಸುಲಿಯಿತು. ಈಗ ಹಣೆ ಮುಟ್ಟಿದರೆ ನುಣ್ಣಗಿದೆ. ಟೊಪ್ಪಿಗೆ, ತುಂಬುತೋಳಿನ ಅಂಗಿ ಮಾತ್ರ ಬಿಡುವಂತಿಲ್ಲ, ಮತ್ತೆ ಆಗಾಗ ತೋರಿಸಬೇಕು.

ಶಾಂತಕುಮಾರನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಣ್ಣ,
ಹುಲಗಪ್ಪ

ತಾ.ಕ.: ದೀಪಾವಳಿಗೆ ನಾನು ನಿಮ್ಮ ಮನೆಗೆ ಬಂದಾಗ ನೀನು ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡೇ ಬಡಿಸಿದೆ. ನೀರು ಕುಡಿಯುವಾಗ ಜಾರಿತು. ನನ್ನ ಕಣ್ಣು ಮಂದವಾದರೂ ಆ ಹಕ್ಕಳೆ ಕಂಡಿತು. ಫೋನಿನಲ್ಲಿ ಕೇಳಿದರೆ “ಹಾಲು ಉಕ್ಕಾಕತ್ತೈತಿ” ಎಂದು ಇಟ್ಟುಬಿಡುತ್ತೀ. ಡಾಕ್ಟರಿಗೆ ಹೇಳಿ ಬಂದಿದ್ದೇನೆ, ಮೊದಲು ನೋಡಬೇಕು ಎಂದಿದ್ದಾರೆ. ಶಾಂತಕುಮಾರನೂ “ಕರಕೊಂಡು ಹೋಗ್ರಿ, ನನ್ನ ಮಾತು ಕೇಳವಲ್ಲಳು” ಎಂದ. ಇದೇ ೨೭ರ ಸೋಮವಾರ ಮೊದಲ ಬಸ್ಸಿಗೆ ನಿಮ್ಮೂರು ಹುಲಿಹೈದರಕ್ಕೆ ಬರುತ್ತೇನೆ. ಬಾಗಿಲು ಹಾಕಿಕೊಂಡೀಯಾ ಜೋಕೆ, ಟೊಪ್ಪಿಗೆ ತೆಗೆದು ನಿನ್ನ ಅಂಗಳದಲ್ಲೇ ಕೂತುಬಿಡುತ್ತೇನೆ. ನನ್ನ ಹೊಸ ಚರ್ಮಕ್ಕೆ ಏನಾದರೂ ಆದರೆ ಡಾಕ್ಟರಿಗೆ ನೀನೇ ಉತ್ತರ ಹೇಳಬೇಕು.