ಬರ್ಲಿ, ಬರ್ಲಿ

ನುಗ್ಗೇಹಳ್ಳಿ
೧೮-೧೧-೨೦೨೪, ಕಾರ್ತಿಕ ಸೋಮವಾರ

ಚಿ. ಸೌ. ರಂಜಿತಾಳಿಗೆ ಅತ್ತೆಯ ಪ್ರೀತಿಯ ಆಶೀರ್ವಾದ.

ಸೊಂಟದ ನೋವು ಹೇಗಿದೆ? ವಾಕರ್ ಹಿಡಿದು ಬಚ್ಚಲಿಗೆ ನೀನೇ ಹೋಗುತ್ತೀಯಂತೆ, ಕೇಳಿ ಸಂತೋಷವಾಯಿತು. ಅರಕಲಗೂಡಿನಲ್ಲಿ ಚಳಿ ಹೆಚ್ಚು, ಬಿಸಿ ಎಣ್ಣೆ ಹಚ್ಚಿಸಿಕೋ. ಅಮ್ಮನ ಮನೆಯಲ್ಲಿದ್ದೀಯ, ಮಾಡುವವರಿದ್ದಾರೆ. ಮೊನ್ನೆ ಫೋನಿನಲ್ಲಿ “ಅತ್ತೆ, ಯಾವಾಗ ಬರ್ಲಿ?” ಎಂದು ಕೇಳಿದೆ. ನಾನು ಉತ್ತರ ಕೊಡುವ ಮೊದಲೇ ಅಳುವುದಕ್ಕೆ ಶುರು ಮಾಡಿದೆ. ನೀನು ಅತ್ತರೆ ನನಗೆ ಬಿ.ಪಿ. ಏರುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇಲ್ಲಿಯ ದೊಡ್ಡ ಸುದ್ದಿ ಎಂದರೆ ನಿಮ್ಮಪ್ಪ ಮದುವೆಯಲ್ಲಿ ಕೊಡಿಸಿದ ಪಿಕಪ್ ಗಾಡಿಗೆ ಹಿಂದುಗಡೆ ಎರಡು ದೀಪ ಬಂದಿವೆ. ಎಲ್ಲಿ ಕೂರಿಸಬೇಕು ಎಂದು ವಾರವೆಲ್ಲ ಜಗಳ. ನಿನ್ನ ಗಂಡ ಬಸವೇಶ ಬಂಪರಿಗೆ ಎಂದ; ತೋಟದ ಕೆಸರು ಮೆತ್ತಿದರೆ ಆ ದೀಪ ಇದ್ದೂ ಇಲ್ಲದ ಹಾಗೆ. ನಿಮ್ಮ ಮಾವ ಹಿಂದಿನ ಡೋರಿಗೆ ಎಂದರು. ತೆಂಗಿನಕಾಯಿ ತುಂಬಲು ಡೋರ್ ಇಳಿಸಿದರೆ ದೀಪ ನೆಲ ನೋಡುತ್ತದೆ. ಚನ್ನರಾಯಪಟ್ಟಣದಿಂದ ಬಂದ ಎಲೆಕ್ಟ್ರಿಷಿಯನ್ ನಟರಾಜ, ಗಾಡಿ ಹಿಂದೆ ಬರುವಾಗ ಯಾವ ಜಾಗ ಕಾಣುವುದಿಲ್ಲ, ಅದನ್ನು ತೋರಿಸಿ ಎಂದ. ಅಪ್ಪ ಟಯರು ನೋಡಿದರು, ಮಗ ಫೋನು ನೋಡಿದ. ನಾನೇ ಹೋಗಿ ಕಾಂಪೌಂಡ್ ಗೋಡೆಯಲ್ಲಿ ಗಾರೆ ಎದ್ದ ಜಾಗಕ್ಕೆ ಕೈಯಿಟ್ಟು ತೋರಿಸಿದೆ. ಸರಿಯಾಗಿ ನಿನ್ನ ಸೊಂಟದ ಮಟ್ಟ. ಕಡೆಗೆ ಡೋರಿನ ಅಕ್ಕಪಕ್ಕ, ಗಾಡಿಯ ಎರಡು ಮೂಲೆಗೆ, ಆ ಮಟ್ಟ ನೋಡಿಕೊಂಡೇ ಕೂರಿಸಿದರು. ಈಗ ಗೋಡೆಯ ಮೇಲಿನ ಇರುವೆಯೂ ಕಾಣುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಿಮ್ಮಪ್ಪ ಆಡಿಕೊಳ್ಳಬಹುದು. ಗಾದೆ ಹೇಳುವುದು ಎಲ್ಲರಿಗೂ ಬರುತ್ತದೆ.

ತಪ್ಪು ಯಾರದ್ದೂ ಅಲ್ಲ ರಂಜಿತಾ. ಹೊಸದರಲ್ಲಿ ನೀನು ಗಾಡಿ ಹಿಂದೆ ನಿಂತು “ಬರ್ಲಿ, ಬರ್ಲಿ” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. “ಬಸ್ಸಿನ ಕಿಲೀನರ್ ಏನೇ ನೀನು? ಮಾವ ಜಗಲಿ ಮೇಲವ್ರೆ. ಬಾಯ್ ಮುಚ್ಕೊಂಡು ಕೈಯಾಡ್ಸು ಸಾಕು” ಎಂದು ನಾನು ಗದರಿದ್ದು ನಿನ್ನ ಒಳ್ಳೆಯದಕ್ಕೇ. ಅವತ್ತಿನಿಂದ ನೀನು ತುಟಿ ಬಿಚ್ಚಲಿಲ್ಲ. ಯುಗಾದಿ ಕಳೆದ ವಾರ, ಆ ಮುಸ್ಸಂಜೆ, ನೀನು ಆಡಿಸಿದ ಕೈ ಬಸವೇಶನಿಗೆ ಕನ್ನಡಿಯಲ್ಲಿ ಕಾಣಲಿಲ್ಲ. ಗಾಡಿ ನಿನ್ನನ್ನು ಗೋಡೆಗೆ ಒತ್ತಿದಾಗಲೂ ನೀನು ಕೂಗಲಿಲ್ಲ. ಅಂಥ ಮರ್ಯಾದಸ್ಥ ಸೊಸೆ ಎಂದು ನೆಂಟರ ಮುಂದೆ ಇವತ್ತಿಗೂ ಹೇಳುತ್ತೇನೆ. ಆದರೆ ತಾಯಿ, ಸೊಂಟ ಮುರಿಯುವಾಗಲಾದರೂ ಬಾಯಿ ಬಿಡಬಾರದೇ? ಎಲ್ಲವನ್ನೂ ಅತ್ತೆಯೇ ಹೇಳಿಕೊಡಬೇಕೇ? ಇನ್ನು ನಿನಗೆ ಮಕ್ಕಳಾಗುವುದು ಕಷ್ಟ ಎಂದು ಹಾಸನದ ಡಾಕ್ಟರು ಹೇಳಿದ ದಿನ ನಾನು ಊಟ ಮಾಡಲಿಲ್ಲ. ಅದು ನಿನಗೆ ಗೊತ್ತಿರಲಿ.

ಬಸವೇಶ ಚೆನ್ನಾಗಿದ್ದಾನೆ. ಕಾಯಿ ಸಾಗಿಸುವ ಕೆಲಸದಲ್ಲಿ ಅವನಿಗೆ ಫೋನ್ ಎತ್ತಲು ಪುರಸೊತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮ ಅಪ್ಪ ಅಮ್ಮನಿಗೆ ನಮ್ಮಿಬ್ಬರ ಶರಣು ತಿಳಿಸು. ಆ ಶಿವ ನಿನ್ನನ್ನು ಬೇಗ ಎದ್ದು ನಡೆಯುವಂತೆ ಮಾಡಲಿ.

ನಿನ್ನ ಅತ್ತೆ,
ಶಿವಗಂಗಮ್ಮ

ಮರೆತಿದ್ದೆ. ಯಾವಾಗ ಬರ್ಲಿ ಎಂದು ಕೇಳಿದ್ದೆಯಲ್ಲ, ಬರಬೇಡ. ಹಿರೀಸಾವೆಯ ಹೋಟೆಲಿನವರ ಮಗಳು ಆಶಾರಾಣಿಯನ್ನು ಬಸವೇಶನಿಗೆ ಮಾತಾಡಿದ್ದೇವೆ. ವಕೀಲ ಪರಮೇಶ್ ಬರುತ್ತಾರೆ, ಹೇಳಿದ ಕಡೆ ಸಹಿ ಹಾಕು. ನಿನ್ನೆ ಮನೆ ನೋಡಲು ಬಂದಿದ್ದ ಆ ಹುಡುಗಿ, ಗಾಡಿ ಹಿಂದೆ ನಿಂತು, ಹೊಸ ದೀಪದ ಬೆಳಕಿನಲ್ಲಿ “ಬರ್ಲಿ, ಬರ್ಲಿ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನಿಮ್ಮ ಮಾವ ಜಗಲಿಯ ಮೇಲೆಯೇ ಇದ್ದರು. ನಾನೇನೂ ಅನ್ನಲಿಲ್ಲ.